ಮೆಂತ್ಯ ಸೀದದ್ದು ಗೊತ್ತಾಗಲಿಲ್ಲ: ವಾಸನೆ ಕಳೆದುಕೊಂಡ ಒಬ್ಬರ ಪ್ರಕರಣ ಅಧ್ಯಯನ

ಕುರ್ಚಿಯಲ್ಲಿ ಕೂತ ತಕ್ಷಣ ಅವರು ನಾಲಿಗೆ ಚಾಚಿದರು. "ಬಾಯಿ ಸಪ್ಪೆ ಡಾಕ್ಟ್ರೇ. ಏನು ತಿಂದರೂ ಮಣ್ಣು ತಿಂದ ಹಾಗೆ. ನಾಲಿಗೆಗೇನೋ ಆಗಿದೆ, ನೋಡಿ."

ನೋಡಿದೆ. ನಾಲಿಗೆ ಚೆನ್ನಾಗಿಯೇ ಇತ್ತು.

ವಯಸ್ಸು 52. ಹಾಸನ ಕಡೆಯವರು. ಹದಿನೈದು ವರ್ಷದಿಂದ ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಸ್ವಲ್ಪ ಬಿ.ಪಿ. ಇದೆ, ಸಕ್ಕರೆ ಅಂಚಿನಲ್ಲಿದೆ. ಹೊಗೆಸೊಪ್ಪು, ನಶ್ಯದ ಅಭ್ಯಾಸ ಇಲ್ಲ. (ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.)

ಅದು ಡಿಸೆಂಬರ್ ಮೊದಲ ವಾರ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. "ನೆಗಡಿ ಆಗಿತ್ತಾ ಅಮ್ಮ?" ಅಂತ ಕೇಳಿದೆ. "ಹೂಂ, ದೀಪಾವಳಿಗೆ ಜೋರು ನೆಗಡಿ" ಅಂದರು. ಅಷ್ಟು ಸಾಕಾಯಿತು ನನಗೆ. ಕೋವಿಡ್ ಬಂದು ಹೋದ ಮೇಲೆ ನೆಗಡಿ, ಆಮೇಲೆ ವಾಸನೆ ಇಲ್ಲ ಅನ್ನುವವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ವೈರಸ್ ನೆಗಡಿಯ ನಂತರದ ತೊಂದರೆ ಅಂತ ಚೀಟಿಯಲ್ಲಿ ಬರೆದೆ. ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು ಎರಡು ವಾರ ಬಿಟ್ಟು ಬನ್ನಿ ಅಂದೆ.

ತಪ್ಪಾಗಿತ್ತು. ಆ ಐದು ನಿಮಿಷದಲ್ಲಿ ನಾನು ಕೇಳದೇ ಬಿಟ್ಟ ಪ್ರಶ್ನೆಗಳಿಗಾಗಿಯೇ ಈ ಪ್ರಕರಣ ಬರೆಯಬೇಕು ಅನ್ನಿಸಿತು.

ಎರಡನೇ ಭೇಟಿ

ಎರಡು ವಾರದ ನಂತರ ಅವರು ಗಂಡನ ಜೊತೆ ಬಂದರು. ಕೈಯಲ್ಲಿ ಒಂದು ಹುಳಿಪುಡಿ ಪ್ಯಾಕೆಟ್. ಅದನ್ನು ಮೇಜಿನ ಮೇಲಿಟ್ಟು, "ಗಿರಾಕಿ ವಾಪಸ್ ಕಳಿಸಿದ್ದಾರೆ. ನೀವೇ ಮೂಸಿ ನೋಡಿ" ಅಂದರು. ಬಿಚ್ಚಿದ ಕೂಡಲೇ ಸೀದ ಮೆಂತ್ಯದ ಕಹಿ ವಾಸನೆ ಕೋಣೆಯೆಲ್ಲಾ ಹರಡಿತು. ಬಾಗಿಲ ಹತ್ತಿರ ನಿಂತಿದ್ದ ನರ್ಸ್ ಕೂಡ ತಿರುಗಿ ನೋಡಿದರು.

"ಬಾಣಲೆ ಮುಂದೆ ನಾನೇ ನಿಂತಿದ್ದೆ. ನನ್ನ ಕೈಯಲ್ಲೇ ಸೌಟು ಇತ್ತು. ನನಗೆ ಏನೂ ಗೊತ್ತಾಗಲಿಲ್ಲ."

ಮೆಂತ್ಯ ಹುರಿಯುವವರಿಗೆ ಇದರ ಅರ್ಥ ಗೊತ್ತು. ಹದವಾಗಿ ಹುರಿದ ಮೆಂತ್ಯಕ್ಕೂ ಸೀದ ಮೆಂತ್ಯಕ್ಕೂ ನಡುವೆ ಅರ್ಧ ನಿಮಿಷ ಅಷ್ಟೇ. ಆ ಅರ್ಧ ನಿಮಿಷವನ್ನು ಮೊದಲು ಹಿಡಿಯುವುದು ಮೂಗು. ಬಣ್ಣ ಆಮೇಲೆ ತಿರುಗುತ್ತದೆ.

ಈ ಸಲ ಬೇರೆ ರೋಗಿಗಳನ್ನು ಕೂರಿಸಿ, ಬಾಗಿಲು ಹಾಕಿ ಮಾತಿಗೆ ಕೂತೆ. ಯಾವತ್ತಿಂದ ಹೀಗೆ ಅಂತ ಕೇಳಿದರೆ ಅವರಿಗೆ ತಾರೀಕು ಗೊತ್ತಿರಲಿಲ್ಲ. ಹಾಗಾಗಿ ಬೇರೆ ದಾರಿ ಹಿಡಿದೆ.

"ಗೌರಿ ಹಬ್ಬಕ್ಕೆ ಒಬ್ಬಟ್ಟು ಮಾಡಿದ್ರಾ?"

"ಮಾಡಿದ್ದೆ."

"ಹೂರಣ ರುಬ್ಬುವಾಗ ಏಲಕ್ಕಿ ಘಮ ಬಂತಾ?"

"ಬಂತು. ಚೆನ್ನಾಗಿ ನೆನಪಿದೆ, ಏಲಕ್ಕಿ ಜಾಸ್ತಿ ಆಯ್ತು ಅಂತ ಸೊಸೆಗೆ ಹೇಳಿದ್ದೆ."

"ನವರಾತ್ರಿ ಪೂಜೆಗೆ ಊದುಬತ್ತಿ?"

ಸುಮ್ಮನಾದರು. ಆಮೇಲೆ ನಿಧಾನವಾಗಿ, "ಇಲ್ಲ... ಹಚ್ಚಿದ್ದೆ. ಆದರೆ ವಾಸನೆ ಬಂದ ನೆನಪೇ ಇಲ್ಲ" ಅಂದರು.

ಅಂದರೆ ದೀಪಾವಳಿಯ ನೆಗಡಿ ಬರುವ ಹೊತ್ತಿಗೆ ವಾಸನೆ ಆಗಲೇ ಹೋಗಿತ್ತು. ನಾನು ಕಾರಣ ಅಂದುಕೊಂಡದ್ದು ಆಮೇಲೆ ಬಂದದ್ದು. ಗೌರಿ ಹಬ್ಬಕ್ಕೂ ನವರಾತ್ರಿಗೂ ನಡುವೆ ಏನಾಯಿತು? ಆ ನಡುವೆ ಬರುವುದು ಪಿತೃಪಕ್ಷ.

"ಪಕ್ಷದಲ್ಲಿ ಏನಾದರೂ ಆಗಿತ್ತಾ? ಜ್ವರ, ಏಟು, ಏನಾದರೂ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಉತ್ತರ ಕೊಟ್ಟದ್ದು ಗಂಡ. "ಗಾಡಿಯಿಂದ ಬಿದ್ದಿದ್ದಳು ಸಾರ್. ಅದು ತಲೆಗೆ. ಮೂಗಿಗೇನೂ ಆಗಿರಲಿಲ್ಲ."

ಅಣ್ಣನ ಮನೆಗೆ ಪಕ್ಷದ ಊಟಕ್ಕೆ ಹೊರಟಿದ್ದರಂತೆ. ಸ್ಕೂಟರ್‌ನಲ್ಲಿ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಿದ್ದರು. ತೊಡೆಯ ಮೇಲೆ ಸ್ಟೀಲ್ ಕ್ಯಾರಿಯರ್, ಎರಡೂ ಕೈ ಅದರ ಮೇಲೆ. ತಲೆಗೆ ಹೆಲ್ಮೆಟ್ ಇಲ್ಲ. ಹಂಪ್ಸ್ ಹಾರಿದಾಗ ಹಿಂದಕ್ಕೆ ಬಿದ್ದು ತಲೆಯ ಹಿಂಭಾಗ ರಸ್ತೆಗೆ ಬಡಿಯಿತು. ಒಂದೆರಡು ನಿಮಿಷ ಪ್ರಜ್ಞೆ ಇರಲಿಲ್ಲ. ಒಂದು ಸಲ ವಾಂತಿ. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ನಾರ್ಮಲ್ ಇದೆ ಅಂತ ಹೇಳಿ, ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಬಿದ್ದ ಹೊತ್ತಿನ ಹಿಂದುಮುಂದಿನ ಅರ್ಧ ಗಂಟೆ ಅವರಿಗೆ ಈಗಲೂ ನೆನಪಿಲ್ಲ. ಒಂದು ವಾರ ತಲೆಸುತ್ತು ಇತ್ತು. ಊಟ ಸಪ್ಪೆ ಅನ್ನಿಸಿದ್ದನ್ನು ಮಾತ್ರೆಯ ಪರಿಣಾಮ, ನಿಶ್ಶಕ್ತಿ ಅಂದುಕೊಂಡರು.

"ಮೊದಲ ಸಲ ಬಂದಾಗ ಇದನ್ನು ಹೇಳಲಿಲ್ವಲ್ಲ ಅಮ್ಮ?"

"ನೀವು ಮೂಗಿನ ಡಾಕ್ಟರು. ತಲೆ ಏಟು ನಿಮಗ್ಯಾಕೆ ಹೇಳಲಿ ಅಂತ."

ಅವರ ಮಾತು ಸರಿ. ಕೇಳಬೇಕಾದವನು ನಾನು.

ತಲೆಯ ಹಿಂದೆ ಏಟು, ಮೂಗಿಗೆ ನಷ್ಟ

ವಾಸನೆ ಹಿಡಿಯುವ ನರಕೋಶಗಳು ಮೂಗಿನ ತೀರಾ ಮೇಲಿನ ಸಂದಿನಲ್ಲಿವೆ. ಅಲ್ಲಿಂದ ಕೂದಲಿಗಿಂತ ತೆಳ್ಳಗಿನ ಎಳೆಗಳು ಮೇಲಕ್ಕೆ ಹೊರಟು, ಒಂದೊಂದು ಕಡೆಗೆ ಸುಮಾರು 20 ಕಟ್ಟುಗಳಾಗಿ, ಜರಡಿಯ ಹಾಗೆ ತೂತುಗಳಿರುವ ಒಂದು ಮೂಳೆಯೊಳಗೆ ನುಸುಳಿ ಮೆದುಳಿನ ಕೆಳಗಿರುವ ಆಲ್ಫ್ಯಾಕ್ಟರಿ ಬಲ್ಬ್ ಅನ್ನುವ ವಾಸನೆಯ ಗಡ್ಡೆಯಂಥ ಭಾಗವನ್ನು ಸೇರುತ್ತವೆ. ಡಬ್ಬಿಯಲ್ಲಿ ಗಟ್ಟಿ ಮೊಸರಿಟ್ಟು ಡಬ್ಬಿಯನ್ನು ಹಿಂದಕ್ಕೆ ಕುಕ್ಕಿದರೆ ಮೊಸರು ಒಳಗೇ ಜರುಗುತ್ತದೆ ಅಲ್ವಾ? ಮೆದುಳೂ ಹಾಗೆಯೇ. ತಲೆಯ ಹಿಂಭಾಗಕ್ಕೆ ಏಟು ಬಿದ್ದಾಗ ಮೆದುಳು ಮುಂದೆ ಹಿಂದೆ ಜರುಗುತ್ತದೆ. ಮೂಳೆ ಇದ್ದಲ್ಲೇ ಇರುತ್ತದೆ. ನಡುವೆ ಸಿಕ್ಕಿಕೊಂಡ ಆ ಎಳೆಗಳು ಹರಿಯುತ್ತವೆ. ಅದಕ್ಕೇ ಹಣೆಗೆ ಬಿದ್ದ ಏಟಿಗಿಂತ ಹಿಂದಲೆಗೆ ಬಿದ್ದ ಏಟು ವಾಸನೆಯನ್ನು ಪೂರ್ತಿ ತೆಗೆಯುವುದು ಜಾಸ್ತಿ. ತಲೆಬುರುಡೆ ಒಡೆಯಬೇಕಾಗಿಲ್ಲ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವ ಮತ್ತು ಮೂಳೆ ಮುರಿತವನ್ನು ಹುಡುಕುತ್ತದೆ. ಈ ಎಳೆಗಳು ಅದಕ್ಕೆ ಕಾಣುವುದೇ ಇಲ್ಲ.

ಹಾಗಂತ ಕಥೆ ಸಿಕ್ಕಿತು ಅಂತ ನಿಲ್ಲಿಸುವಂತಿಲ್ಲ. ಒಂದು ಸಲ ಆತುರಪಟ್ಟು ಎಡವಿದ್ದೆ. ಬೇರೆ ಕಾರಣಗಳನ್ನೂ ಒಂದೊಂದಾಗಿ ಕೇಳಿದೆ. ವಾಸನೆ ಒಂದೊಂದು ದಿನ ಬಂದು ಹೋಗುತ್ತಾ? ಇಲ್ಲ. ಹೀಗೆ ಬಂದು ಹೋಗುವುದು, ಸ್ಟೀರಾಯ್ಡ್ ತೆಗೆದುಕೊಂಡಾಗ ಮರಳುವುದು ಮೂಗಿನ ಪಾಲಿಪ್ (ಒಳಗೆ ಬೆಳೆಯುವ ಮೆತ್ತನೆ ಗಂಟು) ಅಥವಾ ಸೈನಸ್ ಊತದ ಲಕ್ಷಣ. ಅಲ್ಲಿ ನರ ಚೆನ್ನಾಗಿರುತ್ತದೆ, ಗಾಳಿಗೆ ದಾರಿ ಇರುವುದಿಲ್ಲ. ಕೈ ನಡುಕ, ಅಕ್ಷರ ಸಣ್ಣದಾಗುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು, ಮಲಬದ್ಧತೆ? ಇಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಕ ಶುರುವಾಗುವ ವರ್ಷಗಳ ಮೊದಲೇ ವಾಸನೆ ಕುಗ್ಗಬಹುದು. ಆದರೆ ಅದು ನಿಧಾನ, ಎರಡು ಹಬ್ಬಗಳ ನಡುವೆ ಹೋಗುವುದಿಲ್ಲ. ಮರೆವು? ಗಂಡನನ್ನೇ ಬೇರೆಯಾಗಿ ಕೇಳಿದೆ, ಇಲ್ಲ ಅಂದರು. ತಲೆನೋವು, ಕಣ್ಣು ಮಂಜು, ಸ್ವಭಾವದಲ್ಲಿ ಬದಲಾವಣೆ? ವಾಸನೆಯ ನರದ ಪಕ್ಕ ಬೆಳೆಯುವ ಮೆನಿಂಜಿಯೋಮಾ ಗೆಡ್ಡೆ ಅಪರೂಪ, ಆದರೆ ತಪ್ಪಿಸಿಕೊಂಡರೆ ದೃಷ್ಟಿಯೇ ಹೋಗುತ್ತದೆ. ಇಂಥ ಗೆಡ್ಡೆ ಇರುವ ಕಡೆಯ ಕಣ್ಣಿನ ನರ ಸೊರಗಿ, ಇನ್ನೊಂದು ಕಡೆ ಊದಿಕೊಳ್ಳುವುದನ್ನು ನರರೋಗ ತಜ್ಞ ಫಾಸ್ಟರ್ ಕೆನಡಿ 1911ರಲ್ಲೇ ವಿವರಿಸಿದ್ದರು. ಹಾಗಾಗಿ ಕಣ್ಣಿನ ಪಾಪೆ ಹಿಗ್ಗಿಸಿ ಒಳಗೂ ನೋಡಿಸಿದೆವು. ಸರಿಯಾಗಿತ್ತು.

ಇವೆಲ್ಲಕ್ಕಿಂತ ಮೊದಲು ಕೇಳಿದ ಪ್ರಶ್ನೆ ಇನ್ನೊಂದಿದೆ. "ಬಗ್ಗಿದಾಗ ಒಂದು ಹೊಳ್ಳೆಯಿಂದ ನೀರು ತೊಟ್ಟಿಕ್ಕುತ್ತಾ? ಗಂಟಲಲ್ಲಿ ಉಪ್ಪುಪ್ಪು ಅನ್ನಿಸುತ್ತಾ?" ತಲೆ ಏಟಿನ ನಂತರ ಇದು ಇದ್ದರೆ ಮೆದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು, ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಬರುವ ಅಪಾಯ ಇರುತ್ತದೆ. ಅವರಿಗೆ ಇರಲಿಲ್ಲ. ಆದರೆ ಅವರ ಚೀಲದಲ್ಲಿ ಜಿಂಕ್ ಮಾತ್ರೆ, ಬಿ-12, ನನ್ನ ಸ್ಪ್ರೇ ಜೊತೆಗೆ ಯಾರೋ ಹೇಳಿದ ಮೂಗಿನ ಎಣ್ಣೆಯೂ ಇತ್ತು. ತಲೆಗೆ ಏಟು ಬಿದ್ದವರು ಸೋರಿಕೆ ಇಲ್ಲ ಅಂತ ಖಾತ್ರಿಯಾಗುವವರೆಗೆ ಮೂಗಿಗೆ ಏನನ್ನೂ ಹಾಕಿಕೊಳ್ಳಬಾರದು. ಏಟಿನ ವಿಷಯ ಕೇಳದೆ ಸ್ಪ್ರೇ ಕೊಟ್ಟ ನನಗೂ ಈ ಮಾತು ಅನ್ವಯಿಸುತ್ತದೆ.

ಎಂಟು ಡಬ್ಬಿ

ಒಳಗೆ ನೋಡುವ ಎಂಡೋಸ್ಕೋಪ್ ಕೊಳವೆಯಲ್ಲಿ ಮೂಗು ಮೇಲಿನ ಸಂದಿನವರೆಗೂ ತೆರೆದಿತ್ತು. ಪಾಲಿಪ್ ಇಲ್ಲ, ಕೀವಿಲ್ಲ, ಊತ ಇಲ್ಲ. ಗಾಳಿಗೆ ತಡೆ ಇಲ್ಲ ಅಂದಮೇಲೆ ತೊಂದರೆ ನರದ್ದು.

ಇನ್ನು ವಾಸನೆ ಎಷ್ಟು ಹೋಗಿದೆ ಅಂತ ಅಳೆಯಬೇಕು. ರೋಗಿಯ ಮಾತನ್ನು ನಂಬಬೇಕು, ಆದರೆ ಅದೊಂದರಿಂದ ಅಳತೆ ಸಿಗುವುದಿಲ್ಲ. ಎಷ್ಟೋ ಜನ ಅರ್ಧ ವಾಸನೆ ಕಳೆದುಕೊಂಡದ್ದು ಅವರಿಗೇ ಗೊತ್ತಿರುವುದಿಲ್ಲ. ಒಂದೇ ಹೊಳ್ಳೆಯದು ಹೋಗಿದ್ದರಂತೂ ಗೊತ್ತಾಗುವುದೇ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಡೋಟಿ ತಂಡ 1984ರಲ್ಲಿ ತಂದ 40 ವಾಸನೆಗಳ ಕೆರೆದು ಮೂಸುವ ಪುಸ್ತಿಕೆ ಇದೆ. ಜರ್ಮನಿಯ ಸ್ನಿಫಿನ್ ಸ್ಟಿಕ್ಸ್ ಪೆನ್ನುಗಳಿವೆ. ಎರಡೂ ಒಳ್ಳೆಯವೇ. ಆದರೆ ಅಮೆರಿಕದ ಪುಸ್ತಿಕೆಯಲ್ಲಿ ರೂಟ್ ಬಿಯರ್, ಪಂಪ್ಕಿನ್ ಪೈ ಥರದ ವಾಸನೆಗಳು ಬರುತ್ತವೆ. ಹಾಸನದ ಅಡುಗೆಮನೆಯಲ್ಲಿ ಬೆಳೆದವರಿಗೆ ಅವುಗಳ ಹೆಸರೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಗುರುತಿಸಲಿಲ್ಲ ಅಂತ ಮೂಗಿಗೆ ಅಂಕ ಕಳೆಯುವುದು ನ್ಯಾಯವಲ್ಲ.

ಹಾಗಾಗಿ ನಮ್ಮಲ್ಲಿ ಎಂಟು ಡಬ್ಬಿ ಇಟ್ಟುಕೊಂಡಿದ್ದೇವೆ. ಕಾಫಿ ಪುಡಿ, ಲವಂಗ, ಇಂಗು, ಏಲಕ್ಕಿ, ನಿಂಬೆ ಸಿಪ್ಪೆ, ಮಲ್ಲಿಗೆ, ಸೋಂಪು, ಶ್ರೀಗಂಧ. ಕರ್ಪೂರ, ಪುದೀನ, ವಿಕ್ಸ್ ಇಡುವುದಿಲ್ಲ. ಅವು ವಾಸನೆಯ ನರವೇ ಇಲ್ಲದಿದ್ದರೂ ಮೂಗಿಗೆ ತಂಪು, ಚುರುಕು ಅನ್ನಿಸುತ್ತವೆ. ಆ ಕೆಲಸ ಮಾಡುವುದು ಮುಖದ ಟ್ರೈಜೆಮಿನಲ್ ನರ.

ಕಣ್ಣಿಗೆ ಬಟ್ಟೆ ಕಟ್ಟಿ, ಎಡ ಹೊಳ್ಳೆ ಮುಚ್ಚಿಸಿ, ಮೊದಲ ಡಬ್ಬಿ ಹಿಡಿದೆ.

"ಕಾಫಿ ಪುಡಿ" ಅಂದರು ತಕ್ಷಣ.

ನನಗೆ ಆಶ್ಚರ್ಯ. "ವಾಸನೆ ಬಂತಾ?"

"ಇಲ್ಲ. ನೀವು ಡಬ್ಬಿ ಎತ್ತುವಾಗ ಸದ್ದು ಕೇಳಿತು. ಪುಡಿ ಮಾಡೋಳಿಗೆ ಪುಡಿ ಸದ್ದು ಗೊತ್ತಾಗಲ್ವಾ?"

ಅವತ್ತಿನಿಂದ ಎಲ್ಲ ಡಬ್ಬಿಗೂ ಹತ್ತಿ ತುಂಬಿದ್ದೇವೆ. ಹತ್ತಿ ತುಂಬಿ ಮತ್ತೆ ಶುರು ಮಾಡಿದೆವು. ಪ್ರತಿ ವಾಸನೆಗೂ ನಾಲ್ಕು ಹೆಸರು ಹೇಳುವುದು, ಗೊತ್ತಿಲ್ಲದಿದ್ದರೂ ಒಂದನ್ನು ಆರಿಸಲೇಬೇಕು. ಸುಮ್ನೆ ಊಹಿಸಿದರೂ ಎಂಟರಲ್ಲಿ ಎರಡು ಸರಿಯಾಗುತ್ತದೆ ಅನ್ನುವ ಲೆಕ್ಕ. ಬಲ ಹೊಳ್ಳೆಗೆ ಎರಡು, ಎಡಕ್ಕೂ ಎರಡು. ಎಷ್ಟು ತೆಳು ವಾಸನೆ ಗೊತ್ತಾಗುತ್ತದೆ ಅಂತ ಅಳೆಯುವ ಬ್ಯೂಟನಾಲ್ (ಗಾಢ ವಾಸನೆಯ ಒಂದು ರಾಸಾಯನಿಕ) ಬಾಟಲಿಗಳಲ್ಲಿ, ಅತಿ ಗಾಢವಾದ ಶೇಕಡಾ 4ರ ದ್ರಾವಣಕ್ಕೂ ಸಾದಾ ನೀರಿಗೂ ಅವರಿಗೆ ವ್ಯತ್ಯಾಸ ಸಿಗಲಿಲ್ಲ. ಕೊನೆಗೆ ಅಮೋನಿಯಾ ಹಿಡಿದಾಗ ಮಾತ್ರ ತಲೆ ಹಿಂದಕ್ಕೆಳೆದರು, ಕಣ್ಣಲ್ಲಿ ನೀರು ಬಂತು. ಅದರ ಘಾಟನ್ನು ಹಿಡಿಯುವುದೂ ಟ್ರೈಜೆಮಿನಲ್ ನರವೇ. ಅಪಘಾತದ ಪರಿಹಾರದ ವಿಷಯ ಇರುವ ಪ್ರಕರಣಗಳಲ್ಲಿ ನಾಲ್ಕರಲ್ಲಿ ಒಂದನ್ನು ಆರಿಸುವ ಪರೀಕ್ಷೆ, ಅಮೋನಿಯಾ ಎರಡೂ ಬೇಕಾಗುತ್ತವೆ. ನಟಿಸುವವರು ಅಮೋನಿಯಾ ಕೂಡ ಗೊತ್ತಾಗಲಿಲ್ಲ ಅಂದುಬಿಡುತ್ತಾರೆ. ಇಲ್ಲವೇ ಬೇಕಂತಲೇ ತಪ್ಪು ಆರಿಸಿ ಊಹೆಗಿಂತಲೂ ಕಡಿಮೆ ಅಂಕ ಪಡೆಯುತ್ತಾರೆ. ಇವರು ಪರಿಹಾರ ಕೇಳಿ ಬಂದವರಲ್ಲ. ಇವರ ಅಂಕಗಳೂ ಪ್ರಾಮಾಣಿಕವಾಗಿದ್ದವು.

"ಹಾಗಾದರೆ ನಾಲಿಗೆ?" ಅಂತ ಕೇಳಿದರು. ಸಕ್ಕರೆ ನೀರು, ಉಪ್ಪು ನೀರು, ನಿಂಬೆರಸ, ಕಹಿಗೆ ಕ್ವಿನೈನ್ ಒಂದೊಂದು ಹನಿ ಹಾಕಿದೆ. ನಾಲ್ಕೂ ಸರಿ. ಆಮೇಲೆ ಏಲಕ್ಕಿ ಬೆರೆಸಿದ ಬೆಲ್ಲದ ಚೂರು ಕೊಟ್ಟು ಮೂಗು ಹಿಡಿದುಕೊಂಡು ಚಪ್ಪರಿಸಿ ಅಂದೆ. ಗಂಡನಿಗೂ ಒಂದು ಚೂರು ಕೊಟ್ಟೆ. ಇಬ್ಬರೂ "ಸಿಹಿ" ಅಂದರು. "ಈಗ ಮೂಗು ಬಿಡಿ." ಗಂಡನ ಮುಖ ಅರಳಿತು, "ಏಲಕ್ಕಿ!" ಹೆಂಡತಿ ಹಾಗೇ ಕೂತಿದ್ದರು. "ಬರೀ ಸಿಹಿ" ಅಂದರು.

ನಾಲಿಗೆ ಹಿಡಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಥರದ ಕೆಲವೇ ರುಚಿ. ಸಾರಿನಲ್ಲಿ ಸಾರಿನತನ ಅನ್ನುವುದೆಲ್ಲ ಗಂಟಲ ಹಿಂದಿನಿಂದ ಮೂಗಿಗೆ ಏರುವ ಘಮ. ಇದನ್ನು ಬಾಯಲ್ಲಿ ಎಷ್ಟು ವಿವರಿಸಿದರೂ ತಲುಪುವುದಿಲ್ಲ. ಒಂದು ಬೆಲ್ಲದ ಚೂರು ತಲುಪಿಸುತ್ತದೆ.

ಎಂ.ಆರ್.ಐ.ಯಲ್ಲಿ ಎರಡೂ ಕಡೆಯ ಆಲ್ಫ್ಯಾಕ್ಟರಿ ಬಲ್ಬ್ ಚಿಕ್ಕದಾಗಿದ್ದವು. ಕಣ್ಣಿನ ಗೂಡಿನ ಮೇಲೆ ಕೂರುವ ಮೆದುಳಿನ ಭಾಗದಲ್ಲಿ ಹಳೆಯ ಜಜ್ಜುಗಾಯದ ಕಲೆಗಳಿದ್ದವು. ಗೆಡ್ಡೆ ಇರಲಿಲ್ಲ. ತಲೆಯ ಏಟಿನಿಂದ ವಾಸನೆ ಪೂರ್ತಿ ಹೋಗಿದೆ ಅಂತ ನಿರ್ಣಯ ಬರೆದೆ. ಹಳೆಯ ಚೀಟಿ ಮೇಲಿನ ನನ್ನ ಬರಹವನ್ನು ಅವರೆದುರೇ ಹೊಡೆದು ಹಾಕಿ, ಮೊದಲು ಬರೆದದ್ದು ತಪ್ಪು ಅಂತ ಹೇಳಿದೆ.

ಹೇಳಬೇಕಾದದ್ದು

ಅವರು ಕೇಳಿದ್ದು ಒಂದೇ ಪ್ರಶ್ನೆ. "ವಾಪಸ್ ಬರುತ್ತಾ?"

ಖಂಡಿತ ಬರುತ್ತೆ ಅಂತಲೂ ಹೇಳಲಾಗದು, ಬರಲ್ಲ ಅಂತಲೂ ಹೇಳಲಾಗದು. ವಾಸನೆಯ ನರಕೋಶಗಳು ಜೀವನವಿಡೀ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ಅದು ಆಸೆಯ ವಿಷಯ. ಆದರೆ ಜರಡಿ ಮೂಳೆಯ ತೂತುಗಳಲ್ಲಿ ಗಾಯದ ಕಲೆ ಕಟ್ಟಿದರೆ ಹೊಸ ಎಳೆಗೆ ದಾರಿ ಸಿಗುವುದಿಲ್ಲ. ಏಟಿನಿಂದ ಹೋದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಅಷ್ಟಿಷ್ಟು ಮರಳುತ್ತದೆ. ಪೂರ್ತಿ ಮರಳುವವರು ಕಡಿಮೆ. ಮರಳುವುದಾದರೆ ಹೆಚ್ಚಿನದು ಮೊದಲ ವರ್ಷದಲ್ಲೇ. ಇಷ್ಟನ್ನೂ ಹೇಳಿದೆ.

ಗಂಡ ತಲೆ ತಗ್ಗಿಸಿದರು. "ಗಾಡಿ ಓಡಿಸಿದ್ದು ನಾನು ಸಾರ್." ಹೆಂಡತಿ ಅವರ ಕಡೆ ನೋಡದೆ, "ಹಂಪ್ಸ್‌ಗೆ ಬಣ್ಣ ಹೊಡೆದಿರಲಿಲ್ಲ, ನಿಮ್ಮ ತಪ್ಪೇನಿದೆ" ಅಂದರು. ಆಮೇಲೆ ನನಗೆ, "ಮೊಮ್ಮಗನಿಗೆ ಎಣ್ಣೆ ಹಚ್ಚಿ ನೀರು ಹಾಕಿ ತಲೆ ಮೂಸುತ್ತೀನಿ. ಏನೂ ಇಲ್ಲ. ಪುಡಿ ಹೋದರೆ ಹೋಗಲಿ" ಅಂದರು. ಅಲ್ಲಿಗೆ ಅವರ ಮಾತು ನಿಂತಿತು.

ವಾಸನೆ ಹೋದವರ ಮನಸ್ಸಿನ ಬಗ್ಗೆ ನಾವು ವೈದ್ಯರು ಕೇಳುವುದು ಕಡಿಮೆ. ಕಣ್ಣು ಹೋದವರಿಗೆ, ಕಿವಿ ಹೋದವರಿಗೆ ಸಿಗುವ ಅನುಕಂಪ ಇವರಿಗೆ ಸಿಗುವುದಿಲ್ಲ. "ಅದೇನು ದೊಡ್ಡ ವಿಷಯ" ಅನ್ನುತ್ತಾರೆ ಜನ. ಇವರು ಮದುವೆ ಊಟಕ್ಕೆ ಹೋಗುವುದು ಬಿಟ್ಟಿದ್ದರು. ಮೈ ವಾಸನೆ ಬರ್ತಿದೆಯೇನೋ ಅನ್ನುವ ಭಯಕ್ಕೆ ದಿನಕ್ಕೆ ಮೂರು ಸಲ ಸ್ನಾನ. ನಿದ್ದೆ ಕಡಿಮೆ. ರುಚಿ ಸಿಗಲಿ ಅಂತ ಉಪ್ಪು, ಉಪ್ಪಿನಕಾಯಿ ಜಾಸ್ತಿ ಮಾಡಿದ್ದರು. ಬಿ.ಪಿ. ಅಳೆದಾಗ ಅದೂ ಏರಿತ್ತು.

ಬಾಯಿಗೆ ಸ್ಟೀರಾಯ್ಡ್ ಮಾತ್ರೆ ಕೊಡಲಿಲ್ಲ. ಏಟಾಗಿ ಎರಡು ತಿಂಗಳು ದಾಟಿತ್ತು, ಸಕ್ಕರೆ ಅಂಚಿನಲ್ಲಿತ್ತು, ಇಂಥ ಏಟಿಗೆ ಅದರಿಂದ ಉಪಯೋಗ ಅನ್ನಲು ಗಟ್ಟಿ ಆಧಾರ ಇಲ್ಲ. ಸ್ಪ್ರೇ, ಎಣ್ಣೆ, ಜಿಂಕ್ ಮೂರನ್ನೂ ನಿಲ್ಲಿಸಿದೆ. ಕೊಟ್ಟದ್ದು ಮೂಸುವ ಅಭ್ಯಾಸ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ ಕ್ರಮ ಅದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ದಿನಕ್ಕೆರಡು ಸಲ, ಒಂದೊಂದನ್ನೂ ಹತ್ತು ಸೆಕೆಂಡಿನಷ್ಟು ಮೂಸುವುದು. ಆ ಅಧ್ಯಯನದಲ್ಲಿ 12 ವಾರ ಮಾಡಿಸಿದ್ದರು, ನಾವು ಇನ್ನೂ ಮುಂದುವರಿಸುತ್ತೇವೆ. ನಾಲ್ಕೂ ಅವರ ಮನೆಯಲ್ಲೇ ಸಿಗುವಂಥವು. ಬೆಳಿಗ್ಗೆ ಕಾಫಿಗೆ ಮೊದಲು ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ. ಮೂಸುವಾಗ ಆ ವಾಸನೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ ಅಂದೆ.

ಇನ್ನೊಂದು ಮುಖ್ಯ ಮಾತು ಗ್ಯಾಸಿನದು. ಎಲ್.ಪಿ.ಜಿ.ಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಇವರಿಗೆ ಆ ಎಚ್ಚರಿಕೆ ತಲುಪುವುದಿಲ್ಲ. ಗ್ಯಾಸ್ ಅಲಾರಂ ಹಾಕಿಸಿ ಅಂದೆ. ಮುಂದಿನ ಸಲ ಮಗ ಮೊಬೈಲ್‌ನಲ್ಲಿ ಫೋಟೋ ತೋರಿಸಿದ. ಅಲಾರಂ ಚಾವಣಿ ಹತ್ತಿರ ಇತ್ತು. ಎಲ್.ಪಿ.ಜಿ. ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ಕೆಳಗೆ, ನೆಲದಿಂದ ಒಂದಡಿಯೊಳಗೆ ಹಾಕಿಸಲು ಹೇಳಿದೆ. ಉಳಿದ ಸಾರು, ಹಾಲು, ಕೊಬ್ಬರಿ ಹಳಸಿದೆಯಾ ಅಂತ ನೋಡುವ ಕೆಲಸ ಸೊಸೆಯದಾಯಿತು.

ಆಮೇಲೆ

ಮೂರು ತಿಂಗಳ ಹೊತ್ತಿಗೆ ಏನೂ ಬದಲಾಗಿರಲಿಲ್ಲ. ಅಭ್ಯಾಸ ಬಿಡುತ್ತೀನಿ ಅಂದರು, ಬಿಡಬೇಡಿ ಅಂದೆ.

ಐದನೇ ತಿಂಗಳು ಗಂಡ ಗಾಬರಿಯಿಂದ ಫೋನ್ ಮಾಡಿದರು. ಕಾಫಿ ಮುಂದಿಟ್ಟರೆ ಸುಟ್ಟ ರಬ್ಬರ್ ನಾತ ಅನ್ನುತ್ತಾಳೆ, ಈರುಳ್ಳಿ ಹುರಿದರೆ ಹೊರಗೆ ಓಡುತ್ತಾಳೆ, ಕಾಯಿಲೆ ಹೆಚ್ಚಾಯಿತಾ ಅಂತ. ಇದು ವಾಸನೆ ತಿರುಚಿಕೊಂಡು ಬರುವ ಪರೋಸ್ಮಿಯಾ. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಹುರಿದ ಪದಾರ್ಥಗಳು ಇದನ್ನು ಎಬ್ಬಿಸುವುದು ಜಾಸ್ತಿ. ರೋಗಿಗೆ ನರಕ ಯಾತನೆ, ನಿಜ. ಆದರೆ ಎಷ್ಟೋ ಸಲ ಇದು ಹೊಸ ಎಳೆಗಳು ಮೇಲಕ್ಕೆ ತಲುಪುತ್ತಿರುವ ಗುರುತು. ಹಾಗಂತ ಹೇಳಿ, ಕಾಫಿ ಬದಲು ಮಾಲ್ಟ್, ಬಿಸಿ ಊಟದ ಬದಲು ಆರಿದ ಊಟ ಅಂತ ದಾರಿ ತೋರಿಸಿದೆ. ಮೂರು ತಿಂಗಳಲ್ಲಿ ನಾತ ಕಡಿಮೆಯಾಯಿತು.

ಏಟಾಗಿ ಒಂದು ವರ್ಷ ಕಳೆದ ಮೇಲೆ, ದಸರಾ ಮುಗಿಸಿ ಬಂದರು. ಅದೇ ಎಂಟು ಡಬ್ಬಿ, ಹತ್ತಿ ತುಂಬಿದ್ದು. ಬಲ ಹೊಳ್ಳೆಗೆ ಐದು ಸರಿ. ಎಡಕ್ಕೆ ಎರಡೇ. ಬ್ಯೂಟನಾಲ್‌ನ ಗಾಢ ಬಾಟಲಿಗಳು ಬಲ ಹೊಳ್ಳೆಗೆ ಈಗ ಗೊತ್ತಾಗುತ್ತಿವೆ. ಲವಂಗದ ಡಬ್ಬಿ ಹಿಡಿದಾಗ ನಾನು ನಾಲ್ಕು ಹೆಸರು ಹೇಳುವ ಮೊದಲೇ ಕೈ ಎತ್ತಿ ತಡೆದರು. "ಹೇಳಬೇಡಿ. ಲವಂಗ."

ಬಾಣಲೆ ಮುಂದೆ ನಿಲ್ಲುವಷ್ಟು ಮೂಗು ಇನ್ನೂ ಬಂದಿಲ್ಲ. ಸೂಕ್ಷ್ಮ ಘಮಗಳು ಸಿಗುವುದಿಲ್ಲ, ಮೊಮ್ಮಗನ ತಲೆಯ ವಾಸನೆ ಬಂದಿಲ್ಲ. ಆದರೆ ಪುಡಿಯ ಕೆಲಸ ನಿಂತಿಲ್ಲ. ಕೊತ್ತಂಬರಿ ಬೀಜ, ಮೆಂತ್ಯ, ಮೆಣಸು ಎಲ್ಲವನ್ನೂ ಬೇರೆ ಬೇರೆ ಹುರಿಯುತ್ತಾರೆ, ಅಳತೆ ಇಟ್ಟು, ಸಣ್ಣ ಉರಿಯಲ್ಲಿ, ಗಡಿಯಾರ ನೋಡಿ. ಬೀಜ ಚಿಟಗುಟ್ಟುವ ಸದ್ದು ಕೇಳುತ್ತಾರೆ. ಪಕ್ಕದಲ್ಲಿ ಸೊಸೆ ನಿಂತು "ಅತ್ತೆ, ಸಾಕು" ಅನ್ನುತ್ತಾಳೆ. ಬಿ.ಪಿ. ಹತೋಟಿಗೆ ಬಂದಿದೆ. ಸ್ಕೂಟರ್ ಮೇಲೆ ಈಗ ಎರಡೂ ಕಡೆ ಕಾಲು ಹಾಕಿ, ಹೆಲ್ಮೆಟ್ ಹಾಕಿಕೊಂಡು ಕೂರುತ್ತಾರೆ.

ವಾಸನೆಯ ದೂರು ತಂದವರಿಗೆ ನಾವು ತುಂಬಿಸುವ ಹಾಳೆಯಲ್ಲಿ ಈಗ ಎರಡು ಸಾಲು ಹೊಸದಾಗಿ ಸೇರಿವೆ. ಒಂದು, ವಾಸನೆ ಚೆನ್ನಾಗಿ ಬಂದ ಕೊನೆಯ ಹಬ್ಬ ಯಾವುದು. ಎರಡು, ಆಮೇಲೆ ತಲೆಗೆ ಏಟು ಬಿದ್ದಿತ್ತಾ.

ಮುಂದಿನ ಪರೀಕ್ಷೆಗೆ ಯಾವತ್ತು ಬರ್ತೀರಿ ಅಂತ ಕೇಳಿದೆ. "ಶಿವರಾತ್ರಿ ಕಳೆದ ಮೇಲೆ" ಅಂದರು. ಹಾಗೇ ಬರೆದುಕೊಂಡೆ.